ಚೌಕಕ್ಕೂ ಸಮಾನತೆಗೂ ಏನು ಸಂಬಂಧ?

1915ರ ನವೆಂಬರಿನಲ್ಲಿ ಮಾಸ್ಕೋದ ಲೆಮರ್ಸಿಯೇ ಗ್ಯಾಲರಿಯಲ್ಲಿ ಒಂದು ಪ್ರದರ್ಶನ ನಡೆಯಿತು. ಉಕ್ರೇನಿನ ವೆರ್ಬೋವ್ಕಾ ಎಂಬ ಹಳ್ಳಿಯಲ್ಲಿ ನಟಾಲಿಯಾ ದವಿದೋವಾ ಎಂಬಾಕೆ ರೈತ ಹೆಂಗಸರನ್ನು ಸೇರಿಸಿ ಕಸೂತಿ ಕೇಂದ್ರವೊಂದನ್ನು ನಡೆಸುತ್ತಿದ್ದರು. ಆ ಹೆಂಗಸರ ಕೈಕೆಲಸ ಅಲ್ಲಿತ್ತು. ಶಾಲು, ದಿಂಬು, ಇಂಥವು. ಅದರಲ್ಲಿ ಕೆಲವಕ್ಕೆ ನಕ್ಷೆ ಬರೆದುಕೊಟ್ಟವನು ಕಾಜಿಮಿರ್ ಮಾಲೆವಿಚ್ ಎಂಬ ಚಿತ್ರಕಾರ. ಬರೀ ಚೌಕ, ಪಟ್ಟಿ, ತ್ರಿಕೋನಗಳ ಅವನ ಹೊಸ ಚಿತ್ರಗಳು ಕ್ಯಾನ್ವಾಸಿನ ಮೇಲೆ ಜನರ ಕಣ್ಣಿಗೆ ಬಿದ್ದದ್ದು ಅದರ ಮುಂದಿನ ತಿಂಗಳು. ಅಂದರೆ ಇಪ್ಪತ್ತನೇ ಶತಮಾನದ ಕಲೆಯನ್ನೇ ತಿರುಗಿಸಿಬಿಟ್ಟ ಆ ಆಕಾರಗಳು ಮೊದಲು ಜನರೆದುರು ಬಂದದ್ದು ಸೂಜಿ ದಾರದಲ್ಲಿ, ಕ್ಯಾನ್ವಾಸಿನಲ್ಲಿ ಆಮೇಲೆ. ಕಲಾ ಇತಿಹಾಸ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ನನಗೆ ಮಾತ್ರ ಇಡೀ ಕಥೆಯ ತಲೆಬಾಗಿಲು ಇದೇ ಅನ್ನಿಸುತ್ತದೆ.

ಕಸೂತಿ ಅಂದ ಕೂಡಲೇ ನಮಗೆ ಧಾರವಾಡದ್ದು ನೆನಪಾಗುತ್ತದೆ, ಅಲ್ವಾ? ಅದೂ ಎಳೆ ಎಣಿಸಿ ಹಾಕುವಂಥದ್ದು. ಹಾಗಾಗಿ ಗೆರೆಗಳೆಲ್ಲ ನೇರ, ಇಲ್ಲವೇ ಓರೆ. ಆದರೆ ಅಲ್ಲಿ ಗೋಪುರ ಇದೆ, ತೇರು ಇದೆ, ತುಳಸಿಕಟ್ಟೆ ಇದೆ, ಆನೆ ಇದೆ. ಗೆರೆ ಜ್ಯಾಮಿತಿಯದಾದರೂ ಚಿತ್ರ ಯಾವುದೋ ಒಂದು ವಸ್ತುವಿನದು. ಮಾಲೆವಿಚ್‌ನ ಚೌಕ ಮನೆಯೂ ಅಲ್ಲ, ಕಿಟಕಿಯೂ ಅಲ್ಲ, ಯಾವುದರ ಗುರುತೂ ಅಲ್ಲ. ಅದು ಚೌಕ, ಅಷ್ಟೇ. ಜ್ಯಾಮಿತೀಯ ಅಮೂರ್ತ ಚಿತ್ರಕಲೆ ಅನ್ನುವ ಭಾರದ ಹೆಸರಿನ ಹಿಂದೆ ಇರುವುದು ಇಷ್ಟು: ಆಕಾರ, ಬಣ್ಣ, ಅವುಗಳ ನಡುವಿನ ಅಂತರ. ಹೊರಗಿನ ಯಾವುದನ್ನೂ ಅದು ತೋರಿಸುವುದಿಲ್ಲ.

ಸರಿ, ಏನನ್ನೂ ತೋರಿಸದ ಚಿತ್ರಕ್ಕೂ ಸಮಾಜಕ್ಕೂ ಎಲ್ಲಿಯ ನಂಟು? ಅದಕ್ಕೆ ಮುಂಚಿನ ಯುರೋಪಿನ ಚಿತ್ರಗಳನ್ನು ಸ್ವಲ್ಪ ನೆನೆಯಿರಿ. ನೂರಾರು ವರ್ಷ ಅಲ್ಲಿ ದುಡ್ಡು ಕೊಟ್ಟು ಚಿತ್ರ ಬರೆಸುತ್ತಿದ್ದವರು ಚರ್ಚು, ಅರಮನೆ ಮತ್ತು ದೊಡ್ಡ ವ್ಯಾಪಾರಿಗಳು. ಹಾಗಾಗಿ ಅವರ ಮುಖ, ಅವರ ಕುದುರೆ, ಅವರ ಜಮೀನು, ಅವರ ಸಂತರು ಚಿತ್ರದೊಳಗೆ ಕೂತಿರುತ್ತಿದ್ದರು. ನೋಡುವವನಿಗೂ ಒಂದಿಷ್ಟು ಓದು ಬೇಕಿತ್ತು. ಬೈಬಲ್ಲಿನ ಕಥೆ, ಗ್ರೀಕ್ ಪುರಾಣ ಗೊತ್ತಿಲ್ಲದವನಿಗೆ ಅರ್ಧ ಚಿತ್ರ ದಕ್ಕುತ್ತಲೇ ಇರಲಿಲ್ಲ. ಚೌಕಕ್ಕೆ ಧಣಿ ಇಲ್ಲ. ಅದಕ್ಕೆ ದೇಶವಿಲ್ಲ, ಭಾಷೆಯಿಲ್ಲ, ಕಥೆಯಿಲ್ಲ. ರೈತನಿಗೂ ಪ್ರೊಫೆಸರನಿಗೂ ಅದು ಅಷ್ಟೇ ಕಾಣುತ್ತದೆ. ಯುರೋಪಿನ ದೇಶಗಳು ಕಂದಕ ತೋಡಿಕೊಂಡು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಹೊತ್ತಿನಲ್ಲಿ, ಯಾರ ಬಾವುಟವೂ ಇಲ್ಲದ ಇಂಥದೊಂದು ಚಿತ್ರ ಸಾಧ್ಯ ಅನ್ನುವುದು ಆ ಕಾಲದ ಹುಡುಗರಿಗೆ ಎಷ್ಟು ಹಿತ ಕೊಟ್ಟಿರಬೇಕು ಯೋಚಿಸಿ.

ಮಾಲೆವಿಚ್‌ನ ಕಪ್ಪು ಚೌಕ ಮೊದಲು ತೂಗಿದ್ದು 1915ರ ಡಿಸೆಂಬರಿನಲ್ಲಿ, ಪೆಟ್ರೋಗ್ರಾಡಿನ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) '0,10' ಎಂಬ ಪ್ರದರ್ಶನದಲ್ಲಿ. ಅದನ್ನು ಎಲ್ಲಿ ತೂಗಿದ ಅನ್ನುವುದೇ ಅರ್ಧ ಮಾತು. ರಷ್ಯಾದ ಮನೆಗಳಲ್ಲಿ ಎರಡು ಗೋಡೆ ಸೇರುವ ಮೂಲೆಯಲ್ಲಿ, ಮೇಲೆ, ದೇವರ ಪಟ ಇಡುವ ರೂಢಿ. ಇವನು ಅದೇ ಜಾಗಕ್ಕೆ ಚೌಕ ಹಾಕಿದ. ದೈವನಿಂದೆ ಅಂತ ಕೆಲವರು ಕೂಗಾಡಿದರು. ಕಲೆ ಇನ್ನು ಸರ್ಕಾರದ, ಧರ್ಮದ ಚಾಕರಿ ಮಾಡಬೇಕಿಲ್ಲ ಎಂಬುದು ಅವನ ವಾದ. ಈ ಮಾತು ನೆನಪಿರಲಿ, ಮುಂದೆ ಇದೇ ಅವನ ಕುತ್ತಿಗೆಗೆ ಬರುತ್ತದೆ.

ಪುಸ್ತಕದಲ್ಲಿ ಅಚ್ಚಾದ ಕಪ್ಪು ಚೌಕ ನೋಡಿ ಯಾರೂ ಮೋಸ ಹೋಗಬಾರದು. ಅಚ್ಚಿನಲ್ಲಿ ಅದು ಕಂಪ್ಯೂಟರಿನಲ್ಲಿ ಮಾಡಿದ ಹಾಗೆ ಕಾಣುತ್ತದೆ. ಮಾಸ್ಕೋದ ತ್ರೆತ್ಯಾಕೋವ್ ಗ್ಯಾಲರಿಯಲ್ಲಿರುವ ಮೂಲ ಚಿತ್ರ ಒಂದೊಂದು ಕಡೆ 79.5 ಸೆಂಟಿಮೀಟರ್. ಅದರೊಳಗಿನ ಚೌಕದ ನಾಲ್ಕು ಬದಿಗಳು ಒಂದಕ್ಕೊಂದು ಸರಿಯಾಗಿ ಸಮಾನಾಂತರವಾಗಿಲ್ಲ. ಸ್ಕೇಲ್ ಇಟ್ಟು ಎಳೆದದ್ದಲ್ಲ, ಕೈಯಲ್ಲಿ ಬಂದದ್ದು. ಕಪ್ಪು ಬಣ್ಣ ಒಣಗಿ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿದೆ, ಆ ಬಿರುಕುಗಳಲ್ಲಿ ಅಲ್ಲಲ್ಲಿ ಬೇರೆ ಬಣ್ಣ ಇಣುಕುತ್ತದೆ. 2015ರಲ್ಲಿ ಎಕ್ಸ್‌ರೇ ತೆಗೆದು ನೋಡಿದಾಗ ಕಪ್ಪಿನ ಕೆಳಗೆ ಎರಡು ಬೇರೆ ಬೇರೆ ಬಣ್ಣದ ಚಿತ್ರಗಳಿರುವುದು ಗೊತ್ತಾಯಿತು. 'ಇದನ್ನ ನಮ್ಮ ಮಗೂನೂ ಬಿಡಿಸುತ್ತೆ' ಅನ್ನುವವರಿಗೆ ನನ್ನ ಉತ್ತರ: ಬಿಡಿಸಲಿ, ಒಳ್ಳೆಯದೇ. ಹೆಸರು, ಹಿನ್ನೆಲೆ, ಪಾಂಡಿತ್ಯ ಬೇಡದ ಕಲೆ ಬೇಕು ಅಂತ ತಾನೇ ಇವರೂ ಹೇಳುತ್ತಿದ್ದದ್ದು?

1917ರಲ್ಲಿ ಕ್ರಾಂತಿಯಾಯಿತು. ಈಗಿನ ಬೆಲಾರೂಸಿನ ವಿಟೆಬ್ಸ್ಕ್ ಎಂಬ ಊರಲ್ಲಿ ಮಾರ್ಕ್ ಶಗಾಲ್ ಒಂದು ಕಲಾಶಾಲೆ ತೆರೆದ. ಅಲ್ಲಿಗೆ 1919ರಲ್ಲಿ ಎಲ್ ಲಿಸಿಟ್ಸ್ಕಿ ಎಂಬ ಕಲಾವಿದ ಬಂದ, ಆ ವರ್ಷದ ಕೊನೆಗೆ ಮಾಲೆವಿಚ್ ಬಂದ. 1920ರ ಹೊತ್ತಿಗೆ ಹುಡುಗ ಹುಡುಗಿಯರೆಲ್ಲ ಸೇರಿ 'ಉನೋವಿಸ್' ಎಂಬ ಗುಂಪು ಕಟ್ಟಿದರು. ಚಿತ್ರದ ಕೆಳಗೆ ಒಬ್ಬೊಬ್ಬರ ಹೆಸರು ಬೇಡ, ಗುಂಪಿನ ಹೆಸರಿರಲಿ ಅಂತಾಯಿತು. ಅಂಗಿಯ ತೋಳಿಗೆ ಒಂದು ಪುಟ್ಟ ಕಪ್ಪು ಚೌಕ ಹೊಲಿದುಕೊಂಡು ಓಡಾಡಿದರು. ಊರಿನ ಗೋಡೆಗಳಿಗೆ, ಟ್ರಾಮ್‌ಗಳಿಗೆ, ಹಬ್ಬದ ಬ್ಯಾನರುಗಳಿಗೆ, ಕೊನೆಗೆ ರೇಷನ್ ಕಾರ್ಡಿಗೂ ಚೌಕ, ವೃತ್ತಗಳ ನಕ್ಷೆ ಬರೆದರು. ಆಗ ಆ ದಾರಿಯಲ್ಲಿ ಹಾದುಹೋದ ಸಿನಿಮಾ ನಿರ್ದೇಶಕ ಐಸೆನ್‌ಸ್ಟೈನ್, ಸುಣ್ಣ ಬಳಿದ ಗೋಡೆಗಳ ತುಂಬ ಬಣ್ಣದ ಆಕಾರಗಳನ್ನು ಕಂಡು ಬೆರಗಾದದ್ದನ್ನು ಮುಂದೆ ಬರೆದಿದ್ದಾನೆ.

ಲಿಸಿಟ್ಸ್ಕಿಯ ಒಂದು ಪೋಸ್ಟರ್ ಆ ದಿನಗಳದ್ದೇ. ಅಂತರ್ಯುದ್ಧದಲ್ಲಿ ಕೆಂಪು ಸೇನೆಗೆ ಎದುರಾಗಿದ್ದವರನ್ನು 'ಬಿಳಿಯರು' ಅನ್ನುತ್ತಿದ್ದರು. ಪೋಸ್ಟರಿನಲ್ಲಿ ಬಲಗಡೆ ಕಪ್ಪು ಹಿನ್ನೆಲೆಯ ಮೇಲೆ ದೊಡ್ಡದೊಂದು ಬಿಳಿ ವೃತ್ತ. ಎಡದಿಂದ ಒಂದು ಚೂಪು ಕೆಂಪು ತ್ರಿಕೋನ ಅದರೊಳಗೆ ನುಗ್ಗಿದೆ. ಅದರಲ್ಲಿ ಬರಹವೂ ಇದೆ, ಆದರೆ ಅಕ್ಷರ ಬಾರದವನಿಗೂ ಯಾರು ಯಾರನ್ನು ಒಡೆಯುತ್ತಿದ್ದಾರೆ ಅಂತ ತಿಳಿಯುತ್ತದೆ. ಅವನು ಮಕ್ಕಳಿಗೆ ಬರೆದ ಪುಸ್ತಕದಲ್ಲಂತೂ ರಾಜಕುಮಾರ, ರಾಕ್ಷಸ ಯಾರೂ ಇಲ್ಲ. ಒಂದು ಕೆಂಪು ಚೌಕ ಮತ್ತು ಒಂದು ಕಪ್ಪು ಚೌಕ ದೂರದಿಂದ ಭೂಮಿಗೆ ಹಾರಿ ಬರುತ್ತವೆ, ಇಲ್ಲಿನ ಗೊಂದಲ ಕಂಡು ಅದನ್ನು ಗುದ್ದಿ ಚದುರಿಸುತ್ತವೆ, ಹೊಸದಾಗಿ ಕಟ್ಟುತ್ತವೆ.

ಕೇಳಲು ಚೆನ್ನಾಗಿದೆ. ಆದರೆ ಸಹಿ ಬೇಡ, ಗುರು ಬೇಡ ಅಂದವರ ಶಾಲೆಯಲ್ಲಿ ನಡೆದದ್ದು ಮಾಲೆವಿಚ್ ಒಬ್ಬನದೇ ಮಾತು. ಮನುಷ್ಯರನ್ನು, ಆಡು ಹಸುಗಳನ್ನು, ಪಿಟೀಲು ಬಾರಿಸುವವರನ್ನು ಬಿಡಿಸುತ್ತಿದ್ದ ಶಗಾಲ್‌ನ ಶಿಷ್ಯರೆಲ್ಲ ಒಬ್ಬೊಬ್ಬರಾಗಿ ಚೌಕದ ಕಡೆ ಹೋದರು. 1920ರಲ್ಲಿ ಅವನು ತಾನೇ ಕಟ್ಟಿದ ಶಾಲೆ ಬಿಟ್ಟು ಹೊರಟ. ಎಲ್ಲರದ್ದೂ ಅಂತ ಶುರುವಾದದ್ದು ಎಲ್ಲರೂ ಹೀಗೇ ಮಾಡಬೇಕು ಅನ್ನುವ ಕಡೆ ತಿರುಗುವುದಕ್ಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ.

ಇತ್ತ ಮಾಸ್ಕೋದಲ್ಲಿ ಇನ್ನೊಂದು ಗುಂಪು ಬೇರೆಯದೇ ಪ್ರಶ್ನೆ ಎತ್ತಿತ್ತು. ಚೌಕ ಸರಿ, ಆದರೆ ಅದನ್ನು ಗ್ಯಾಲರಿಯಲ್ಲಿ ತೂಗಿದರೆ ಕಾರ್ಮಿಕನಿಗೇನು ಬಂತು? 1921ರ ಸೆಪ್ಟೆಂಬರಿನಲ್ಲಿ '5×5=25' ಅಂತ ಪ್ರದರ್ಶನ ಮಾಡಿದರು. ಐದು ಜನ, ತಲಾ ಐದು ಕೃತಿ. ಅದರಲ್ಲಿ ಅಲೆಕ್ಸಾಂಡರ್ ರಾದ್ಚೆಂಕೊ ಮೂರು ಕ್ಯಾನ್ವಾಸ್ ಇಟ್ಟಿದ್ದ. ಒಂದು ಪೂರ್ತಿ ಕೆಂಪು, ಒಂದು ಪೂರ್ತಿ ಹಳದಿ, ಒಂದು ಪೂರ್ತಿ ನೀಲಿ. ಚಿತ್ರಕಲೆ ಮುಗಿಯಿತು, ಇನ್ನು ಬಿಡಿಸುವುದಕ್ಕೆ ಏನೂ ಉಳಿದಿಲ್ಲ ಅನ್ನುವುದು ಅವನ ಘೋಷಣೆ. ಸ್ವಲ್ಪ ನಾಟಕವೇ, ಒಪ್ಪುತ್ತೇನೆ. ಆದರೆ ಇವರು ಮಾತಿಗೆ ನಿಲ್ಲಲಿಲ್ಲ. ಕ್ಯಾನ್ವಾಸ್ ಬಿಟ್ಟು ಬಟ್ಟೆ, ಪೋಸ್ಟರ್, ಪೀಠೋಪಕರಣ, ರಂಗಸಜ್ಜಿಕೆಗೆ ಇಳಿದರು. ಕನ್‌ಸ್ಟ್ರಕ್ಟಿವಿಸ್ಟರು ಅಂತ ಕರೆಯುವುದು ಇವರನ್ನೇ.

ಇವರಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾಗುವವರು ಲ್ಯುಬೋವ್ ಪೊಪೋವಾ ಮತ್ತು ವರ್ವಾರಾ ಸ್ತೆಪಾನೋವಾ. ಪೊಪೋವಾ ಬಟ್ಟೆ ವ್ಯಾಪಾರಿಯ ಶ್ರೀಮಂತ ಮನೆಯ ಮಗಳು. ಈ ಇಬ್ಬರು 1923ರ ಹೊತ್ತಿಗೆ ಮಾಸ್ಕೋದ ಮೊದಲ ಸರ್ಕಾರಿ ಹತ್ತಿಬಟ್ಟೆ ಅಚ್ಚಿನ ಕಾರ್ಖಾನೆಗೆ ನಕ್ಷೆ ಬರೆಯಲು ಸೇರಿದರು. ಅಲ್ಲಿ ಅದುವರೆಗೆ ಅಚ್ಚಾಗುತ್ತಿದ್ದದ್ದು ಹೂವು, ಬಳ್ಳಿ. ಇವರು ಕಂಪಾಸು, ಸ್ಕೇಲು ಹಿಡಿದು ಕೂತರು. ಎರಡೇ ಎರಡು ಬಣ್ಣದಲ್ಲಿ ಪಟ್ಟೆಗಳನ್ನು ಎಳೆದು, ಅದರ ಮೇಲೆ ವೃತ್ತ ಕೂರಿಸಿ, ವೃತ್ತದೊಳಗೆ ಪಟ್ಟೆಯ ಬಣ್ಣವನ್ನು ಅದಲು ಬದಲು ಮಾಡಿದರೆ ಬಟ್ಟೆ ಕಣ್ಣ ಮುಂದೆ ಉಬ್ಬಿ ತಗ್ಗಿದ ಹಾಗೆ ಕಾಣುತ್ತದೆ. ಬಣ್ಣ ಕಡಿಮೆ ಇದ್ದರೆ ಅಚ್ಚಿನ ಖರ್ಚೂ ಕಡಿಮೆ, ಬಟ್ಟೆ ಅಗ್ಗ. ಉಡುವವಳು ನಡೆದಾಗ ಆ ಗೆರೆಗಳೂ ಅಲುಗಾಡುತ್ತವೆ, ಗೋಡೆಯ ಚೌಕಕ್ಕೆ ಇಲ್ಲದ ಭಾಗ್ಯ.

ಸ್ತೆಪಾನೋವಾ ಸುಮಾರು 150 ನಕ್ಷೆ ಬರೆದಳು, ಅಚ್ಚಾದದ್ದು ಎರಡು ಡಜನ್ನಿನಷ್ಟು. ಇಬ್ಬರೂ ಕಾರ್ಖಾನೆಗೆ ಒಂದು ಬೇಡಿಕೆ ಪಟ್ಟಿಯನ್ನೂ ಕೊಟ್ಟಿದ್ದರು. ಉತ್ಪಾದನೆಯ ಬಗ್ಗೆ ನಿರ್ಧಾರ ಮಾಡುವ ಸಭೆಯಲ್ಲಿ ನಮಗೂ ಜಾಗ ಬೇಕು, ಬಣ್ಣ ತಯಾರಿಸುವ ಪ್ರಯೋಗಾಲಯಕ್ಕೆ ಬಿಡಬೇಕು, ಬಟ್ಟೆ ಹೊಲಿಯುವವರ ಜೊತೆ ಸಂಪರ್ಕ ಬೇಕು ಅಂತ. ಕೂತು ನಕ್ಷೆ ಬರೆದುಕೊಡುವ ಕಲಾವಿದರಾಗಿರುವುದು ಅವರಿಗೆ ಬೇಕಿರಲಿಲ್ಲ. ಸಿಕ್ಕಿದ್ದು ಮಾತ್ರ ಹೆಚ್ಚುಕಡಿಮೆ ಅದೇ ಕೆಲಸ. ತನ್ನ ನಕ್ಷೆಯ ಬಟ್ಟೆಯನ್ನು ಒಬ್ಬ ಸಾಮಾನ್ಯ ಹೆಂಗಸು ಅಂಗಡಿಯಲ್ಲಿ ಕೊಂಡದ್ದು ಕಂಡು ಪೊಪೋವಾಗೆ ಆದ ಖುಷಿ ಯಾವ ಚಿತ್ರದಿಂದಲೂ ಆಗಿರಲಿಲ್ಲ ಅಂತ ಆಕೆಯನ್ನು ಬಲ್ಲವರು ದಾಖಲಿಸಿದ್ದಾರೆ. 1924ರ ಮೇ ತಿಂಗಳಲ್ಲಿ ಮಗನಿಗೆ ಕೆಂಜ್ವರ ಬಂತು. ಮಗ ಹೋದ. ಅದೇ ಜ್ವರ ಅಂಟಿ ಕೆಲವೇ ದಿನಗಳಲ್ಲಿ ತಾಯಿಯೂ ಹೋದಳು. ಆಗ ಆಕೆಗೆ 35 ವರ್ಷ.

ಆ ದಶಕ ಮುಗಿಯುವ ಹೊತ್ತಿಗೆ ಸೋವಿಯತ್ ಬಟ್ಟೆಗಳ ಮೇಲೆ ಟ್ರ್ಯಾಕ್ಟರು, ವಿಮಾನ ಬಂದವು. 1932ರಲ್ಲಿ ಸ್ವತಂತ್ರ ಕಲಾಗುಂಪುಗಳನ್ನೆಲ್ಲ ಪಕ್ಷ ವಿಸರ್ಜಿಸಿತು, ಆಮೇಲೆ ಸಮಾಜವಾದಿ ವಾಸ್ತವವಾದ, ಅಂದರೆ ಕಾರ್ಮಿಕರನ್ನು, ನಾಯಕರನ್ನು ಗುರುತು ಸಿಗುವ ಹಾಗೆ ಬಿಡಿಸಿ ಹೊಗಳುವ ಶೈಲಿ, ಅದೊಂದೇ ದಾರಿಯಾಯಿತು. ಮಾಲೆವಿಚ್‌ನನ್ನು 1930ರಲ್ಲಿ ಬಂಧಿಸಿ ಒಂದಷ್ಟು ಕಾಲ ಒಳಗಿಟ್ಟಿದ್ದರು. 1935ರಲ್ಲಿ ಸತ್ತಾಗ ಅವನ ಶವ ಒಯ್ದ ಲಾರಿಯ ಮುಂದೆ ಕಪ್ಪು ಚೌಕ ಕಟ್ಟಿದ್ದರು. ಕಾರ್ಮಿಕರ ಸರ್ಕಾರಕ್ಕೆ ಚೌಕ ಯಾಕೆ ಬೇಡವಾಯಿತು? 'ಜನರಿಗೆ ಅರ್ಥವಾಗಲ್ಲ' ಅನ್ನುವುದು ಅಧಿಕಾರಿಗಳ ಕಾರಣ. ಅದರಲ್ಲಿ ಸ್ವಲ್ಪ ನಿಜವೂ ಇದೆ, ಹೂವಿನ ಬಟ್ಟೆ ಕೇಳುವವರು ಆಗಲೂ ಬೇಕಾದಷ್ಟಿದ್ದರು. ಆದರೆ ನನಗೆ ಕಾಣುವುದು ಇನ್ನೊಂದು. ಚೌಕಕ್ಕೆ ಮುಖವಿಲ್ಲ. ನಾಯಕನಿಗೆ ಬೇಕಾದದ್ದು ಗೋಡೆ ತುಂಬ ತನ್ನ ಮುಖ.

ಹಾಲೆಂಡಿನಲ್ಲಿ ಇದೇ ಹೊತ್ತಿಗೆ ಇದೇ ಆಕಾರಗಳು ಬೇರೆ ದಾರಿಯಲ್ಲಿ ಬಂದವು. ಮೊದಲ ಮಹಾಯುದ್ಧದಲ್ಲಿ ಆ ದೇಶ ತಟಸ್ಥ. 1917ರಲ್ಲಿ ತಿಯೋ ವಾನ್ ಡೂಸ್‌ಬರ್ಗ್ 'ಡಿ ಸ್ಟೈಲ್' ಎಂಬ ಪತ್ರಿಕೆ ಶುರು ಮಾಡಿದ. ಮರುವರ್ಷ, ಯುದ್ಧ ಮುಗಿಯುವ ಹೊತ್ತಿಗೆ, ಅದರಲ್ಲಿ ನಾಲ್ಕು ಭಾಷೆಯ ಪ್ರಣಾಳಿಕೆ ಬಂತು. ಅದರ ಸಾರ: 'ನಾನು' ಅನ್ನುವುದು ಹಳೆಯ ಕಾಲದ್ದು, ಎಲ್ಲರಿಗೂ ಸಲ್ಲುವುದು ಹೊಸ ಕಾಲದ್ದು, ಈ ಯುದ್ಧ ಆ ಹಳೆಯದನ್ನೇ ನಾಶ ಮಾಡುತ್ತಿದೆ. ಆ ಪತ್ರಿಕೆಯ ಸುತ್ತ ಸೇರಿದ ಗುಂಪಿನ ದೊಡ್ಡ ಹೆಸರು ಪಿಯೆಟ್ ಮಾಂಡ್ರಿಯಾನ್. ಅವನು 1909ರಲ್ಲೇ ಥಿಯಾಸಫಿಕಲ್ ಸೊಸೈಟಿಗೆ ಸೇರಿದ್ದ, ಹೌದು, ಚೆನ್ನೈನ ಅಡ್ಯಾರಿನಲ್ಲಿ ಮುಖ್ಯ ಕೇಂದ್ರ ಇರುವ ಅದೇ ಸೊಸೈಟಿ. ಕಣ್ಣಿಗೆ ಕಾಣುವ ನಾನಾ ರೂಪಗಳ ಹಿಂದೆ ಒಂದೇ ವ್ಯವಸ್ಥೆ ಇದೆ ಅನ್ನುವ ನಂಬಿಕೆ ಅವನಿಗೆ ಅಲ್ಲಿಂದಲೂ ಬಂತು. ಮರ ಬಿಡಿಸುತ್ತಿದ್ದವನು ಬರಬರುತ್ತ ಕೊಂಬೆ ಬಿಟ್ಟ, ಬಾಗು ಬಿಟ್ಟ. ಕೊನೆಗೆ ನೆಟ್ಟಗಿನ ಗೆರೆ, ಅಡ್ಡಗೆರೆ, ಮೂರು ಬಣ್ಣ, ಕಪ್ಪು ಬಿಳುಪು ಬೂದು ಇಷ್ಟೇ ಉಳಿಸಿಕೊಂಡ. ಹಸಿರು ಕಂಡರೆ ಆಗುತ್ತಿರಲಿಲ್ಲ. ಪ್ಯಾರಿಸ್ಸಿನ ಅವನ ಸ್ಟುಡಿಯೋದಲ್ಲಿದ್ದ ಕೃತಕ ಹೂವಿನ ಎಲೆಗೂ ಬಿಳಿ ಬಣ್ಣ ಬಳಿದಿದ್ದ!

ಅವನ 1930ರ ಒಂದು ಚಿತ್ರ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿದೆ. ಅರ್ಧ ಮೀಟರಿಗೂ ಚಿಕ್ಕದು. ಬಲಗಡೆ ಮೇಲೆ ದೊಡ್ಡ ಕೆಂಪು ಚೌಕ, ಕ್ಯಾನ್ವಾಸಿನ ಅರ್ಧಕ್ಕೂ ಜಾಸ್ತಿ ಅದೇ. ಎಡಗಡೆ ಕೆಳಗೆ ನೀಲಿ. ಬಲಗಡೆ ಕೆಳಮೂಲೆಯಲ್ಲಿ ಒಂದು ಚೂರು ಹಳದಿ. ಉಳಿದದ್ದು ಬಿಳಿ. ಇದನ್ನು ನೋಡುವಾಗ ಹಳದಿಯನ್ನು ಬೆರಳಿಂದ ಮುಚ್ಚಿ ನೋಡಿ, ಫೋನಿನ ಪರದೆಯ ಮೇಲಾದರೂ ಸರಿ. ಕೆಂಪು ತಟ್ಟನೆ ಭಾರವಾಗಿ ಇಡೀ ಚಿತ್ರ ಒಂದು ಕಡೆ ವಾಲುತ್ತದೆ. ಇನ್ನೊಂದು ಗಮನಿಸಿ, ಕಪ್ಪು ಗೆರೆಗಳು ಒಂದೇ ದಪ್ಪ ಇಲ್ಲ. ಎಡಗಡೆ ಬಿಳಿಯನ್ನು ಎರಡು ಮಾಡುವ ಪುಟ್ಟ ಅಡ್ಡಗೆರೆ ಎಲ್ಲಕ್ಕಿಂತ ದಪ್ಪ, ಅದೂ ಆ ಕೆಂಪಿಗೆ ಎದುರು ನಿಲ್ಲುವುದಕ್ಕೇ.

ಮಾಂಡ್ರಿಯಾನ್‌ನ ಸಾಮಾಜಿಕ ಆದರ್ಶ ಪೂರ್ತಿ ಇಲ್ಲೇ ಇದೆ. ಎಲ್ಲ ಭಾಗವನ್ನೂ ಒಂದೇ ಅಳತೆಗೆ ಕತ್ತರಿಸಿದರೆ ಸಮಾನತೆ ಬರುತ್ತದೆ ಅಂತ ಅವನು ನಂಬಲಿಲ್ಲ. ದೊಡ್ಡದು ದೊಡ್ಡದಾಗಿಯೇ ಇದೆ, ಚಿಕ್ಕದು ಚಿಕ್ಕದಾಗಿಯೇ. ಆದರೆ ಚಿಕ್ಕದನ್ನು ತೆಗೆದರೆ ದೊಡ್ಡದು ನಿಲ್ಲುವುದಿಲ್ಲ. ನಡುವೆ ಕೂತು ಆಳುವ ಆಕಾರ ಯಾವುದೂ ಇಲ್ಲ. ಸಮಾಜವೂ ಹೀಗೆ ಸಮತೋಲಕ್ಕೆ ಬರುತ್ತದೆ, ಬಂದ ದಿನ ಚಿತ್ರಗಳೇ ಬೇಕಾಗುವುದಿಲ್ಲ, ಬದುಕೇ ಸಾಕು ಅಂತ ಬರೆದ. ಅದೇ ಮನುಷ್ಯ ವಾನ್ ಡೂಸ್‌ಬರ್ಗ್ ಓರೆ ಗೆರೆ ಎಳೆಯಲು ಶುರು ಮಾಡಿದ್ದಕ್ಕೆ ಜಗಳವಾಡಿ ಗುಂಪು ಬಿಟ್ಟ ಅನ್ನುವುದೂ ನಿಜ. ಸಮತೋಲದ ಬಗ್ಗೆ ಇಬ್ಬರಿಗೂ ರಾಜಿ ಆಗಲಿಲ್ಲ.

ಡಿ ಸ್ಟೈಲ್ ಗುಂಪಿನಿಂದ ಜನರ ಬದುಕಿನವರೆಗೆ ನಿಜವಾಗಿ ನಡೆದುಹೋದದ್ದು ಒಂದು ಮನೆ. ಉಟ್ರೆಕ್ಟ್ ಊರಿನಲ್ಲಿ ಟ್ರೂಸ್ ಶ್ರೋಡರ್ ಎಂಬ ವಿಧವೆ, ಮೂವರು ಮಕ್ಕಳ ತಾಯಿ, ಗೆರಿಟ್ ರೀಟ್‌ವೆಲ್ಡ್ ಎಂಬ ಪೀಠೋಪಕರಣ ಮಾಡುವವನ ಜೊತೆ ಸೇರಿ 1924ರಲ್ಲಿ ಕಟ್ಟಿಸಿದ್ದು. ಮಕ್ಕಳು ಒಂದು ಕಡೆ, ದೊಡ್ಡವರು ಇನ್ನೊಂದು ಕಡೆ ಅನ್ನುವ ಸಿರಿವಂತರ ಮನೆಯ ಕಟ್ಟು ಆಕೆಗೆ ಬೇಡವಾಗಿತ್ತು. ಹಾಗಾಗಿ ಮಹಡಿಯಲ್ಲಿ ಸರಿಸುವ ಗೋಡೆಗಳು. ಹಗಲು ತಳ್ಳಿದರೆ ಒಂದೇ ಹಜಾರ, ರಾತ್ರಿ ಎಳೆದರೆ ಬೇರೆ ಬೇರೆ ಕೋಣೆ. ಮೂಲೆಯ ಕಿಟಕಿ ತೆರೆದರೆ ಮನೆಯ ಮೂಲೆಯೇ ಮಾಯ, ಯಾಕೆಂದರೆ ಅಲ್ಲಿ ಕಂಬ ಇಲ್ಲ. ಆಕೆ 1985ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಮಾಂಡ್ರಿಯಾನ್‌ನ ಚೌಕಗಳು 1965ರಲ್ಲಿ ಫ್ಯಾಷನ್ ವಿನ್ಯಾಸಕ ಇವ್ ಸಾಂ ಲೊರಾನ್‌ನ ದುಬಾರಿ ಫ್ರಾಕ್ ಆದವು. ಮೇಲೆ ಹೇಳಿದ ಚಿತ್ರದ ಹಾಗೇ ಕಾಣುವ, ಅದೇ ವರ್ಷದ ಇನ್ನೊಂದು ಚಿತ್ರ 2022ರಲ್ಲಿ ನ್ಯೂಯಾರ್ಕಿನಲ್ಲಿ 5.1 ಕೋಟಿ ಡಾಲರಿಗೆ ಹೋಯಿತು.

ಎರಡನೇ ಮಹಾಯುದ್ಧದ ನಂತರ ಈ ಆದರ್ಶ ಮತ್ತೆ ಬಿಸಿಯಾದದ್ದು ಬ್ರೆಜಿಲ್‌ನಲ್ಲಿ. ಆಗ ಕಾರ್ಖಾನೆಗಳು ಏಳುತ್ತಿದ್ದವು, ಬಯಲಲ್ಲಿ ಬ್ರೆಜಿಲಿಯಾ ಎಂಬ ಹೊಸ ರಾಜಧಾನಿಯನ್ನೇ ಕಟ್ಟಿ 1960ರಲ್ಲಿ ಉದ್ಘಾಟಿಸಿದರು. ಹೊಸ ದೇಶಕ್ಕೆ ಲೆಕ್ಕದಂತೆ ಸ್ಪಷ್ಟವಾದ ಕಲೆ ಬೇಕು ಅಂತ 1952ರಲ್ಲಿ ಸಾವೊ ಪಾಲೊದ 'ರುಪ್ತುರಾ' ಗುಂಪು ಹೊರಟಿತು. ರಿಯೋ ನಗರದವರಿಗೆ ಆ ಲೆಕ್ಕಾಚಾರ ತೀರಾ ಒಣ ಅನ್ನಿಸಿತು. 1959ರಲ್ಲಿ ಅವರು ಬೇರೆಯಾಗಿ ತಮ್ಮದೇ ಪ್ರಣಾಳಿಕೆ ತಂದರು. ಆಕಾರ ಗೋಡೆಯ ಮೇಲೆ ಕೂತರೆ ಸಾಲದು, ಜನರ ಮೈಗೆ ಕೈಗೆ ತಾಗಬೇಕು ಅನ್ನುವುದು ಬರಬರುತ್ತ ಅವರ ಹಠವಾಯಿತು. ಲಿಜಿಯಾ ಕ್ಲಾರ್ಕ್ ಲೋಹದ ಹಾಳೆಗಳಿಗೆ ಬಾಗಿಲಿನ ಹಾಗೆ ಕೀಲು ಹಾಕಿ 'ಬಿಶೊ'ಗಳನ್ನು, ಅಂದರೆ 'ಪ್ರಾಣಿ'ಗಳನ್ನು, ಮಾಡಿದಳು. ನೋಡಲು ಬಂದವರು ಎತ್ತಿ ಮಡಚಿ ತಿರುಗಿಸಬೇಕು. ಅದು ನಾವು ಅಂದುಕೊಂಡ ಕಡೆಗೇ ಮಡಚುತ್ತದೆ ಅಂತ ಏನಿಲ್ಲ.

ಹೆಲಿಯೊ ಒಯಿಟಿಸಿಕಾ ಇನ್ನೂ ಮುಂದೆ ಹೋದ. ಕಾಗದದ ಮೇಲೆ ಸ್ವಲ್ಪ ಸ್ವಲ್ಪ ಸೊಟ್ಟಗಾದ ಆಯತಗಳನ್ನು ಬಿಡಿಸುತ್ತಿದ್ದ ಹುಡುಗ 1964ರಲ್ಲಿ ರಿಯೋದ ಮಂಗೇರಾ ಎಂಬ ಬಡವರ ಗುಡ್ಡಕ್ಕೆ ಹೋಗಿ ಸಾಂಬಾ ಕುಣಿಯಲು ಕಲಿತ. ಬಣ್ಣದ ಬಟ್ಟೆ, ಪ್ಲಾಸ್ಟಿಕ್, ಗೋಣಿ ಪದರ ಪದರವಾಗಿ ಹೊಲಿದ 'ಪರಂಗೊಲೆ' ಎಂಬ ನಿಲುವಂಗಿ ಮಾಡಿದ. ತೂಗುಹಾಕಿದರೆ ಅದು ಬರೀ ಬಟ್ಟೆ, ಹಾಕಿಕೊಂಡು ಕುಣಿದರೆ ಮಾತ್ರ ಚಿತ್ರ. ಅದೇ ವರ್ಷ ಬ್ರೆಜಿಲ್‌ನಲ್ಲಿ ಸೇನೆ ಅಧಿಕಾರ ಹಿಡಿದಿತ್ತು. 1965ರಲ್ಲಿ ರಿಯೋದ ಆಧುನಿಕ ಕಲಾ ಮ್ಯೂಸಿಯಂನ ಒಂದು ಪ್ರದರ್ಶನದ ಉದ್ಘಾಟನೆಗೆ ಅವನು ಮಂಗೇರಾದ ಕುಣಿತಗಾರರಿಗೆ ಪರಂಗೊಲೆ ತೊಡಿಸಿ, ತಮಟೆ ಸದ್ದಿನೊಂದಿಗೆ ಕರೆದುಕೊಂಡು ಬಂದ. ಮ್ಯೂಸಿಯಂನವರು ಅವರನ್ನು ಒಳಗೆ ಬಿಡಲಿಲ್ಲ. ಎಲ್ಲರೂ ಹೊರಗೇ ಕುಣಿದರು, ಒಳಗಿದ್ದವರಲ್ಲಿ ಅನೇಕರು ನೋಡಲು ಹೊರಗೆ ಬಂದರು.

ಈಗ ದೊಡ್ಡ ದೊಡ್ಡ ಮ್ಯೂಸಿಯಂಗಳೇ ಒಯಿಟಿಸಿಕಾನ ಪ್ರದರ್ಶನ ಮಾಡುತ್ತವೆ. ಹಳೆಯ ಪರಂಗೊಲೆಗಳನ್ನು ಮುಟ್ಟುವಂತಿಲ್ಲ, ಹಾಕಿಕೊಂಡು ನೋಡಲು ಅಂತಲೇ ನಕಲುಗಳನ್ನು ಒಂದು ಕಡೆ ತೂಗುಹಾಕಿರುತ್ತಾರೆ. ಕ್ಲಾರ್ಕಳ ಬಿಶೊಗಳಿಗೂ ಹಾಗೇ, ಮೇಜಿನ ಮೇಲೆ ನಕಲು ಇಟ್ಟಿರುತ್ತಾರೆ. ಎಲ್ಲಾದರೂ ಸಿಕ್ಕರೆ ನಾಚಿಕೊಳ್ಳದೆ ಹಾಕಿಕೊಳ್ಳಿ, ಕಾವಲುಗಾರ ಏನೂ ಅನ್ನುವುದಿಲ್ಲ.